ಮುಟ್ಟಿ ಕಲಿಯುವ ವಿಜ್ಞಾನ: ಕತ್ತಲಗೆರೆಯ ಮಕ್ಕಳಿಗೆ ಎಂಥ ಸಂಗ್ರಹಾಲಯ ಬೇಕು?

ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಥರ್ಮಾಕೋಲ್ ಹಾಳೆಯ ಮೇಲೆ ಬಣ್ಣ ಬಳಿದ ಅಣೆಕಟ್ಟು, ಅಡುಗೆ ಸೋಡಾ ಸುರಿದು ಉಕ್ಕಿಸುವ ಜ್ವಾಲಾಮುಖಿ, ತಂತಿಗೆ ತೂಗುಬಿಟ್ಟ ಗ್ರಹಗಳು. ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಅತಿಥಿಗಳು ತಲೆಯಾಡಿಸಿ ಮುಂದಿನ ಮೇಜಿಗೆ ಹೋಗುತ್ತಾರೆ. ನೋಡಲು ಬಂದ ಚಿಕ್ಕ ಮಕ್ಕಳು ಕೈ ಚಾಚಿದರೆ ‘ಏಯ್, ಮುಟ್ಟಬೇಡ’ ಎಂಬ ಗದರಿಕೆ. ಮಾದರಿ ಮಾಡಿದ ಮಗು ಏನಾದರೂ ಕಲಿತಿರುತ್ತದೆ, ಅನುಮಾನವಿಲ್ಲ. ನೋಡಲು ಬಂದ ಮಗುವಿಗೆ ಅಲ್ಲಿ ಮಾಡಲು ಏನೂ ಇರುವುದಿಲ್ಲ.

ಈ ಎರಡನೆಯ ಮಗುವಿನ ಕೈಗೆ ಏನು ಕೊಡಬೇಕು ಎಂಬುದೇ ವಿಜ್ಞಾನ ಸಂಗ್ರಹಾಲಯ ಕಟ್ಟುವವರ ಮುಂದಿರುವ ಪ್ರಶ್ನೆ. ಜಗತ್ತಿನ ದೊಡ್ಡ ಸಂಗ್ರಹಾಲಯಗಳು ನೂರು ವರ್ಷಗಳಿಂದ ಇದಕ್ಕೆ ಉತ್ತರ ಹುಡುಕುತ್ತಿವೆ. ಆ ಉತ್ತರಗಳಲ್ಲಿ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂಥ ಊರಿಗೆ, ಅದೇ ಜಿಲ್ಲೆಯ ಹೊನ್ನಾಳಿ, ನ್ಯಾಮತಿ, ಜಗಳೂರಿನ ಮಕ್ಕಳಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಗಾಜಿನ ಪೆಟ್ಟಿಗೆಯಿಂದ ಕೈಗೆ

ಹಳೆಯ ಸಂಗ್ರಹಾಲಯಗಳಲ್ಲಿ ವಸ್ತು ಗಾಜಿನೊಳಗೆ, ನೋಡುವವನು ಹೊರಗೆ. ಈ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಮುರಿದದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ ಎಂಜಿನಿಯರ್ ಆಸ್ಕರ್ ಫಾನ್ ಮಿಲ್ಲರ್ 1903ರಲ್ಲಿ ಸ್ಥಾಪಿಸಿದ ಡಾಯಿಚಸ್ ಮ್ಯೂಸಿಯಂ. ಅಲ್ಲಿ ನೋಡುಗರು ಹಿಡಿ ತಿರುಗಿಸಿ, ಗುಂಡಿ ಒತ್ತಿ ಯಂತ್ರಗಳನ್ನು ನಡೆಸಬಹುದಿತ್ತು. ಲಂಡನ್ನಿನ ಸೈನ್ಸ್ ಮ್ಯೂಸಿಯಂ 1931ರಲ್ಲಿ ಮಕ್ಕಳಿಗೆಂದೇ ಗ್ಯಾಲರಿಯೊಂದನ್ನು ತೆರೆಯಿತು.

ನಿಜವಾದ ತಿರುವು ಬಂದದ್ದು 1969ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ‘ಎಕ್ಸ್‌ಪ್ಲೊರೇಟೋರಿಯಂ’ನಿಂದ. ಅದನ್ನು ಕಟ್ಟಿದ ಫ್ರಾಂಕ್ ಓಪನ್‌ಹೈಮರ್ ಅಣುಬಾಂಬ್ ಯೋಜನೆಯ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ, ಸ್ವತಃ ಭೌತವಿಜ್ಞಾನಿ. ಕಮ್ಯುನಿಸ್ಟ್ ನಂಟಿನ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡ ಅವರು ಕೊಲರಾಡೊದ ಹಳ್ಳಿಗಾಡಿಗೆ ಹೋಗಿ ದನ ಸಾಕಿದರು, ಆಮೇಲೆ ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಪ್ರಯೋಗಾಲಯದ ಸಲಕರಣೆ ಇಲ್ಲದಾಗ ಮಕ್ಕಳನ್ನು ಊರಾಚೆಯ ಗುಜರಿ ರಾಶಿಗೆ ಕರೆದೊಯ್ದು, ಹಳೆಯ ಮೋಟಾರು ಬಿಡಿಭಾಗಗಳಿಂದಲೇ ಯಂತ್ರಶಾಸ್ತ್ರ ಕಲಿಸಿದರು. ಜಗತ್ತಿನ ಅತಿ ಪ್ರಸಿದ್ಧ ಆಟದ ಸಂಗ್ರಹಾಲಯದ ಹಿಂದೆ ಒಬ್ಬ ಹಳ್ಳಿ ಮೇಷ್ಟ್ರ ಅನುಭವವಿದೆ ಎಂಬುದು ನಮಗೆ ಮುಖ್ಯ. ಅವರ ಸಂಗ್ರಹಾಲಯದಲ್ಲಿ ಮಾದರಿ ತಯಾರಿಸುವ ಕಾರ್ಯಾಗಾರವೂ ನೋಡುಗರ ಕಣ್ಣೆದುರೇ ಇತ್ತು. ಮಾದರಿಗಳನ್ನು ಮಾಡುವ ವಿಧಾನವನ್ನು ಅವರು ಗುಟ್ಟು ಮಾಡಲಿಲ್ಲ. ‘ಅಡುಗೆ ಪುಸ್ತಕ’ ಎಂದೇ ಹೆಸರಿಟ್ಟು ಅಳತೆ ಸಮೇತ ಅಚ್ಚು ಹಾಕಿಸಿದರು.

ಭಾರತದಲ್ಲಿ ಇದೇ ಹಾದಿಯ ಕೋಲ್ಕತ್ತದ ಬಿರ್ಲಾ ಸಂಗ್ರಹಾಲಯ 1959ರಲ್ಲಿ ಶುರುವಾಯಿತು. ಆಮೇಲೆ ಬಂದದ್ದು ನಮ್ಮದೇ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದ ಕಟ್ಟಡವನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1962ರ ಜುಲೈ 14ರಂದು ಪ್ರಧಾನಿ ನೆಹರೂ ಉದ್ಘಾಟಿಸಿದರು. 1965ರಲ್ಲಿ ವಿದ್ಯುತ್ತಿನ ಗ್ಯಾಲರಿಯೊಂದಿಗೆ ಅದು ಜನರಿಗೆ ತೆರೆಯಿತು. ಈ ಎರಡೂ ಸಂಸ್ಥೆಗಳು 1978ರಲ್ಲಿ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತಿನಡಿ ಬಂದವು. ಮರುವರ್ಷ, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಮುಂಬೈನ ನೆಹರೂ ವಿಜ್ಞಾನ ಕೇಂದ್ರ ಬಯಲಿನಲ್ಲೇ ವಿಜ್ಞಾನ ಉದ್ಯಾನ ತೆರೆಯಿತು. ಅದರ ಮುಖ್ಯ ಕಟ್ಟಡ ಬಾಗಿಲು ತೆರೆದದ್ದು 1985ರಲ್ಲಿ. ಆಟಕ್ಕೆ ಮೊದಲು ಬಯಲು ಸಾಕು, ಕಟ್ಟಡ ಆಮೇಲೆ ಬಂದರೂ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಕರ್ನಾಟಕದಲ್ಲಿ ಏನೇನಿದೆ

ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಷ್ಟು ಹಳೆಯದು. ಧಾರವಾಡದಲ್ಲಿ, ಮಂಗಳೂರಿನ ಪಿಲಿಕುಳದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರಗಳಿವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರಿಂದ ನಡೆಯುತ್ತಿದೆ. ವಿಶ್ವೇಶ್ವರಯ್ಯ ಸಂಗ್ರಹಾಲಯದ ಬಸ್ಸುಗಳು ಮಾದರಿಗಳನ್ನು ಹೊತ್ತು ಜಿಲ್ಲೆಗಳ ಶಾಲೆಗಳಿಗೆ ಹೋಗುತ್ತವೆ. ಕರ್ನಾಟಕದ ಗಡಿಗೆ ಅಂಟಿದ ಕುಪ್ಪಂನಲ್ಲಿ ಕ್ಯಾಂಪಸ್ ಕಟ್ಟಿರುವ ಅಗಸ್ತ್ಯ ಪ್ರತಿಷ್ಠಾನ 1999ರಿಂದ ಅಗ್ಗದ ಮಾದರಿಗಳನ್ನು ವ್ಯಾನಿನಲ್ಲಿ, ಬೈಕಿನಲ್ಲಿ ಸಹ ಹಳ್ಳಿ ಶಾಲೆಗಳಿಗೆ ತಲುಪಿಸುತ್ತ ಬಂದಿದೆ.

ಸಂಗ್ರಹಾಲಯದ ಹೆಸರಿಲ್ಲದೆಯೂ ಇದೇ ಚಿಂತನೆ ನಮ್ಮ ಶಾಲೆಗಳಲ್ಲಿ ಬೆಳೆದಿದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ, ಆಡುತ್ತ ಕಲಿಸುವ ‘ನಲಿ–ಕಲಿ’ ಇಡೀ ರಾಜ್ಯದ ಒಂದು, ಎರಡು, ಮೂರನೆಯ ತರಗತಿಗಳಿಗೆ ಹಬ್ಬಿತು. 2022–23ರ ‘ಕಲಿಕಾ ಹಬ್ಬ’ದಲ್ಲಿ ‘ಮಾಡು–ಆಡು’, ‘ಕಾಗದ–ಕತ್ತರಿ’, ‘ಊರು ತಿಳಿಯೋಣ’ ಎಂಬ ಮೂಲೆಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಎರಡು ದಿನ ಕೈಕೆಲಸ ಮಾಡಿದರು. ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತಿದೆ.

ಕೊರತೆ ಎಲ್ಲಿದೆ ಎಂಬುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ. ಇಲ್ಲಿ ಹೆಸರಿಸಿದ ಸ್ಥಿರವಾದ ಕೇಂದ್ರಗಳೆಲ್ಲ ದೊಡ್ಡ ಊರಿನಲ್ಲಿವೆ. ಕತ್ತಲಗೆರೆಯಿಂದ ಬೆಂಗಳೂರು ಇನ್ನೂರೈವತ್ತು ಕಿಲೋಮೀಟರ್ ಆಸುಪಾಸು. ವರ್ಷಕ್ಕೊಮ್ಮೆಯ ಶಾಲಾ ಪ್ರವಾಸದಲ್ಲಿ ಒಂದೆರಡು ಗಂಟೆ, ಅದೂ ಸಾಲಿನಲ್ಲಿ ಕೈಕಟ್ಟಿಕೊಂಡು. ಬಸ್ಸಿನಲ್ಲಿ ಬರುವ ಪ್ರದರ್ಶನ ಬಂದಂತೆಯೇ ಹೊರಟುಹೋಗುತ್ತದೆ. ಟಿಂಕರಿಂಗ್ ಲ್ಯಾಬ್ ಆರನೆಯ ತರಗತಿಯ ಮೇಲಿನವರಿಗೆ, ಆ ಶಾಲೆಯ ಗೋಡೆಯೊಳಗೆ. ಆರು ವರ್ಷದ ಮಗು ಅಪ್ಪ, ಅಮ್ಮ, ಅಜ್ಜಿಯ ಜೊತೆ ಭಾನುವಾರ ಸಂಜೆ ಹೋಗಿ, ಬೇಸರ ಬರುವವರೆಗೂ ಆಡಿ, ಮುಂದಿನ ವಾರ ಮತ್ತೆ ಬರಬಹುದಾದ ಜಾಗ ಹೆಚ್ಚಿನ ತಾಲ್ಲೂಕುಗಳಲ್ಲಿ ಇಲ್ಲ. ಮಗು ಅದೇ ಆಟಕ್ಕೆ ಮತ್ತೆ ಬಂದಾಗಲೇ ಹೊಸ ಪ್ರಶ್ನೆ ಹುಟ್ಟುವುದು.

ಗುಂಡಿ ಒತ್ತಿದ ಮಾತ್ರಕ್ಕೆ ಆಟವಾಗದು

ಕೈಗೆ ಸಿಗುವುದೆಲ್ಲ ಒಳ್ಳೆಯ ಮಾದರಿಯಲ್ಲ. ಗುಂಡಿ ಒತ್ತಿದರೆ ದೀಪ ಹತ್ತಿ ಧ್ವನಿಮುದ್ರಿತ ವಿವರಣೆ ಕೇಳಿಸುವ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಯಾರು ಒತ್ತಿದರೂ, ಎಷ್ಟು ಸಲ ಒತ್ತಿದರೂ ಫಲಿತಾಂಶ ಅದೇ. ಮಕ್ಕಳು ಓಡಿಬಂದು ಎಲ್ಲ ಗುಂಡಿಗಳನ್ನೂ ಬಡಿದು, ದೀಪ ಹತ್ತುವ ಮೊದಲೇ ಮುಂದಕ್ಕೆ ಓಡುತ್ತಾರೆ. ಒಳ್ಳೆಯ ಮಾದರಿಯಲ್ಲಿ ಮಗು ಮಾಡಿದ್ದಕ್ಕೆ ತಕ್ಕಂತೆ ಏನೋ ಬದಲಾಗಬೇಕು. ಹೀಗೆ ಮಾಡಿದರೆ ಹೀಗಾಯಿತು, ಹಾಗೆ ಮಾಡಿದರೆ ಏನಾದೀತು ಎಂದು ತಾನೇ ಕೇಳಿಕೊಳ್ಳುವಷ್ಟು ಅವಕಾಶ ಅದರಲ್ಲಿರಬೇಕು.

ಹಾಗೆಂದು ಹಿಡಿ, ಗಾಲಿ, ಸ್ವಿಚ್ಚುಗಳನ್ನು ತುಂಬಿದರೆ ಒಳ್ಳೆಯದಾಗುತ್ತದೆಯೇ? ಎಕ್ಸ್‌ಪ್ಲೊರೇಟೋರಿಯಂನ ಸ್ಯೂ ಆಲೆನ್ ಮತ್ತು ಜೋಶುವಾ ಗುಟ್‌ವಿಲ್ 2004ರಲ್ಲಿ ಇದನ್ನೇ ಪರಿಶೀಲಿಸಿದರು. ಒಂದೇ ಮಾದರಿಯಲ್ಲಿ ಹಲವು ಆಯ್ಕೆಗಳನ್ನಿಟ್ಟರೆ ಮಕ್ಕಳು ಕಂಗಾಲಾಗುತ್ತಾರೆ, ಒಬ್ಬರ ಆಟವನ್ನು ಇನ್ನೊಬ್ಬರು ಕೆಡಿಸುತ್ತಾರೆ, ಮುಖ್ಯವಾಗಿ ಕಾಣಬೇಕಾದದ್ದು ಉಪಾಂಗಗಳ ನಡುವೆ ಕಳೆದುಹೋಗುತ್ತದೆ ಎಂದು ಎಚ್ಚರಿಸಿದರು. ಒಂದು ಮಾದರಿ, ಒಂದು ವಿದ್ಯಮಾನ, ಅದನ್ನು ಬದಲಿಸಲು ಒಂದೆರಡು ದಾರಿ. ಇಷ್ಟು ಸಾಕು.

ಇದು ಮೊದಲ ಸಲಕ್ಕೇ ಕೈಗೂಡುವುದಿಲ್ಲ. ಅದಕ್ಕೇ ಅನುಭವಿಗಳು ಮೊದಲು ರಟ್ಟು, ಹಗ್ಗ, ಟೇಪಿನಲ್ಲಿ ಕಚ್ಚಾ ಮಾದರಿ ಮಾಡಿ ಮಕ್ಕಳೆದುರು ಇಟ್ಟು, ತಾವು ಬಾಯಿ ಮುಚ್ಚಿಕೊಂಡು ದೂರ ನಿಂತು ನೋಡುತ್ತಾರೆ. ಮಗು ಮೊದಲು ಯಾವುದನ್ನು ಹಿಡಿಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾವಾಗ ಬಿಟ್ಟುಹೋಗುತ್ತದೆ ಎಂಬುದನ್ನು ಬರೆದುಕೊಂಡು, ತಿದ್ದಿ, ಮತ್ತೆ ಇಡುತ್ತಾರೆ. ಕಬ್ಬಿಣಕ್ಕೆ ವೆಲ್ಡಿಂಗ್ ಹಾಕುವುದು ಕೊನೆಗೆ. ನಮ್ಮಲ್ಲಿ ಟೆಂಡರ್ ಕರೆದು ಸಿದ್ಧ ಮಾದರಿ ಕೊಳ್ಳುವ ಪದ್ಧತಿಯಲ್ಲಿ ಈ ಹಂತಕ್ಕೇ ಜಾಗವಿಲ್ಲ.

ಸೂಳೆಕೆರೆ ಎಂಬ ಪಠ್ಯ

ಚನ್ನಗಿರಿ ತಾಲ್ಲೂಕಿಗೆ ಬೇರೆಲ್ಲಿಯದೋ ಮಾದರಿಗಳ ನಕಲು ಬೇಕಾಗಿಲ್ಲ. ಇಲ್ಲಿನ ನೆಲದಲ್ಲೇ ಬೇಕಾದಷ್ಟು ವಿಷಯವಿದೆ. ಎಲ್ಲಕ್ಕೂ ಮೊದಲು ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದೆಂದು ಹೆಸರಾದ ಇದರ ನೀರು ಸಾವಿರಾರು ಎಕರೆಗೆ ಹರಡಿಕೊಂಡಿದೆ. ಅಷ್ಟನ್ನೂ ತಡೆದು ನಿಲ್ಲಿಸಿರುವುದು ಎರಡು ಗುಡ್ಡಗಳ ನಡುವಿನ, ಕೆರೆಯ ಹರವಿಗೆ ಹೋಲಿಸಿದರೆ ಬಹಳ ಕಡಿಮೆ ಉದ್ದದ ಏರಿ. ಅಷ್ಟು ನೀರನ್ನು ಇಷ್ಟೇ ಏರಿ ಹೇಗೆ ತಡೆಯಿತು ಎಂದು ಯಾವ ಮಗುವೂ ಕೇಳಬಹುದು.

ಉತ್ತರ ಒಂದು ಮಾದರಿಯಲ್ಲೇ ಸಿಗುತ್ತದೆ. ಒಂದು ಅಡಿ ಉದ್ದದ ತೊಟ್ಟಿ ಒಂದು, ಹತ್ತು ಅಡಿ ಉದ್ದದ್ದು ಇನ್ನೊಂದು. ಅಗಲ, ಎತ್ತರ ಎರಡರಲ್ಲೂ ಒಂದೇ. ಎರಡರ ತುದಿಯಲ್ಲೂ ಒಂದೇ ಅಳತೆಯ, ತಿರುಗಣೆ ಹಾಕಿದ ಪುಟ್ಟ ಬಾಗಿಲು. ಮಗು ಎರಡೂ ಬಾಗಿಲುಗಳನ್ನು ಕೈಯಿಂದ ಒತ್ತಿಹಿಡಿದು ನೋಡಬೇಕು. ದೊಡ್ಡ ತೊಟ್ಟಿಯ ಬಾಗಿಲೇ ಬಲವಾಗಿ ನೂಕುತ್ತದೆ ಎಂದು ಅಪ್ಪನೂ ಪಂದ್ಯ ಕಟ್ಟುತ್ತಾನೆ. ಆದರೆ ಎರಡೂ ಒಂದೇ ಬಲದಿಂದ ನೂಕುತ್ತವೆ. ನೀರಿನ ಒತ್ತಡದಲ್ಲಿ ಲೆಕ್ಕಕ್ಕೆ ಬರುವುದು ಆಳ. ನೀರು ಹಿಂದಕ್ಕೆ ಎಷ್ಟು ದೂರ ಚಾಚಿದೆ ಎಂಬುದು ಲೆಕ್ಕಕ್ಕಿಲ್ಲ. ಹತ್ತು ಸೆಂಟಿಮೀಟರ್ ಚೌಕದ ಬಾಗಿಲು ಒಂದಡಿ ಆಳದಲ್ಲಿದ್ದರೆ ಅದರ ಮೇಲೆ ಸುಮಾರು 3 ಕಿಲೋ ತೂಕದಷ್ಟು ಬಲ ಬೀಳುತ್ತದೆ, ಅಂದರೆ ಮಗುವಿನ ಕೈಗೆ ಎಟುಕುವಷ್ಟೇ. ಬಾಗಿಲು ಸೋರುತ್ತದೆ, ಖಂಡಿತ. ಸೋರಿದ ನೀರು ಹೋಗಲು ಚರಂಡಿಯನ್ನು ಮೊದಲೇ ಮಾಡಿಟ್ಟರೆ ಅದೂ ಆಟದ ಭಾಗವಾಗುತ್ತದೆ.

ಎರಡನೆಯ ಮಾದರಿ ತೂಬಿನದು. ಎತ್ತರದ ಡ್ರಮ್ಮಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು, ಮೂರಕ್ಕೂ ಬಿರಡೆ. ಯಾವ ತೂತಿನ ನೀರು ದೂರ ಚಿಮ್ಮುತ್ತದೆ? ‘ಕೆಳಗಿನದು’ ಎಂದು ಎಲ್ಲರೂ ಹೇಳುತ್ತಾರೆ, ಎಷ್ಟೋ ಪುಸ್ತಕಗಳ ಚಿತ್ರದಲ್ಲೂ ಹಾಗೇ ಇರುತ್ತದೆ. ಡ್ರಮ್ಮನ್ನು ನೆಲದ ಮೇಲೇ ಇಟ್ಟರೆ ಗೆಲ್ಲುವುದು ನಡುವಿನ ತೂತು. ಕೆಳಗಿನ ನೀರು ಹೆಚ್ಚು ವೇಗದಿಂದ ಹೊರಟರೂ ಬೀಳಲು ಎತ್ತರವಿಲ್ಲದೆ ಬೇಗ ನೆಲ ಮುಟ್ಟುತ್ತದೆ. ಅದೇ ಡ್ರಮ್ಮನ್ನು ಅದರಷ್ಟೇ ಎತ್ತರದ ಕಟ್ಟೆಯ ಮೇಲಿಟ್ಟರೆ ಕೆಳಗಿನ ತೂತೇ ಗೆಲ್ಲುತ್ತದೆ. ಡ್ರಮ್ಮನ್ನು ಏರಿಸಿ ಇಳಿಸುವ ವ್ಯವಸ್ಥೆ ಮಾಡಿಬಿಟ್ಟರೆ ಏಳನೆಯ ತರಗತಿಯ ಹುಡುಗಿ ಪುಸ್ತಕದ ಚಿತ್ರವನ್ನು ಪ್ರಶ್ನಿಸಿ ಮನೆಗೆ ಹೋಗುತ್ತಾಳೆ. ವಿಜ್ಞಾನ ಅಂದರೆ ಇದೇ.

ಇದೇ ಜಾಡಿನಲ್ಲಿ ಇನ್ನಷ್ಟು ಮಾಡಬಹುದು. ಜಗಳೂರಿಗೆ ತುಂಗಭದ್ರೆಯ ನೀರನ್ನು ಮೇಲೆತ್ತಿ 57 ಕೆರೆ ತುಂಬಿಸುವ ಯೋಜನೆ ಎಲ್ಲರ ಮಾತಿನಲ್ಲಿದೆ. ಒಂದು ಲೀಟರ್ ನೀರನ್ನು ಹತ್ತು ಮೀಟರ್ ಎತ್ತಲು ಸುಮಾರು 100 ಜೂಲ್ ಶಕ್ತಿ ಬೇಕು. ಹಳೆಯ ಸೈಕಲ್ಲಿಗೆ ಪಂಪು ಜೋಡಿಸಿ ತುಳಿಸಿದರೆ ಆ ಲೆಕ್ಕ ಮಕ್ಕಳ ಕಾಲಿಗೇ ತಿಳಿಯುತ್ತದೆ. ಕಪ್ಪು ಮಣ್ಣು, ಕೆಂಪು ಮಣ್ಣು, ಮರಳು ತುಂಬಿದ ಮೂರು ಪಾರದರ್ಶಕ ಪೈಪಿಗೆ ಸಮನಾಗಿ ನೀರು ಹೊಯ್ದು ಯಾವುದು ಬೇಗ ಬಿಟ್ಟುಕೊಡುತ್ತದೆ, ಯಾವುದು ಹಿಡಿದಿಟ್ಟುಕೊಳ್ಳುತ್ತದೆ ಎಂದು ನೋಡಬಹುದು. ಅಡಿಕೆ ಮೂಟೆಯನ್ನು ಒಂದು ರಾಟೆಯಿಂದ, ಎರಡು ರಾಟೆಯಿಂದ, ನಾಲ್ಕರಿಂದ ಎಳೆದು, ಬಲ ಕಡಿಮೆಯಾದಂತೆ ಎಳೆಯಬೇಕಾದ ಹಗ್ಗ ಉದ್ದವಾಗುವುದನ್ನು ಅಳೆಯಬಹುದು. ಹೊನ್ನಾಳಿಯ ಕಡೆ ಹೊಳೆ ದಾಟಿಸುತ್ತಿದ್ದ ಹರಿಗೋಲಿನ ಪುಟ್ಟ ರೂಪಕ್ಕೆ ಕಲ್ಲು ಪೇರಿಸಿ, ಎಷ್ಟಕ್ಕೆ ಮುಳುಗುತ್ತದೆಂದು ಪಂದ್ಯ ಆಡಬಹುದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅಭಯಾರಣ್ಯ ನಾಲ್ಕು ಕೊಂಬಿನ ಕೊಂಡುಕುರಿಗೆ ಹೆಸರಾದದ್ದು. ಮರದಲ್ಲಿ ಕೆತ್ತಿದ ಹೆಜ್ಜೆಗಳನ್ನು ಮರಳಿಗೊತ್ತಿ ಯಾವ ಪ್ರಾಣಿ ಎತ್ತ ಹೋಯಿತು ಎಂದು ಪತ್ತೆಹಚ್ಚುವ ಆಟ ನಾಲ್ಕು ವರ್ಷದ ಮಗುವಿಗೂ ಆಗುತ್ತದೆ.

ಅಜ್ಜಿಗೂ ಒಂದು ಕೈ

ಮಕ್ಕಳು ಸಂಗ್ರಹಾಲಯಕ್ಕೆ ಒಬ್ಬರೇ ಬರುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾ–ಕ್ಯಾಮ್ಡೆನ್ ಪ್ರದೇಶದ ನಾಲ್ಕು ಸಂಸ್ಥೆಗಳು 1990ರ ದಶಕದಲ್ಲಿ ಕುಟುಂಬಗಳನ್ನು ಗಮನಿಸಿ ಏಳು ಗುಣಗಳನ್ನು ಪಟ್ಟಿ ಮಾಡಿದವು. ಸುತ್ತಲೂ ನಿಲ್ಲಲು ಜಾಗವಿರಬೇಕು. ಹಲವರು ಒಟ್ಟಿಗೆ ಕೈ ಹಾಕುವಂತಿರಬೇಕು. ಮಕ್ಕಳಿಗೂ ದೊಡ್ಡವರಿಗೂ ಎಟುಕಬೇಕು. ಒಂದೇ ಉತ್ತರಕ್ಕೆ ಮುಗಿಯದೆ ಮಾತು ಬೆಳೆಯುವಂತಿರಬೇಕು. ಬೇರೆ ಬೇರೆ ರೀತಿಯಲ್ಲಿ ಕಲಿಯುವವರಿಗೂ ಒದಗಬೇಕು. ಬರಹ ತುಂಡು ತುಂಡಾಗಿ, ಓದಲು ಸುಲಭವಾಗಿರಬೇಕು. ನೋಡುಗರಿಗೆ ಗೊತ್ತಿರುವ ಸಂಗತಿಗೆ ಕೊಂಡಿ ಇರಬೇಕು.

ಈ ಕೊನೆಯ ಗುಣದಲ್ಲಿ ಹಳ್ಳಿಯ ಸಂಗ್ರಹಾಲಯ ಪಟ್ಟಣದ್ದಕ್ಕಿಂತ ಮುಂದೆ ನಿಲ್ಲಬಲ್ಲದು. ಕಪಿಲೆ ಹೊಡೆದ ಅಜ್ಜ, ರಾಟೆಯಲ್ಲಿ ನೀರು ಸೇದಿದ ಅಜ್ಜಿ ಇಲ್ಲಿ ಪರಿಣತರು. ‘ನಮ್ಮ ಕಾಲದಾಗೆ ಹಿಂಗೇ ಇತ್ತು ನೋಡಪ್ಪ’ ಎಂದು ಅವರು ಶುರು ಮಾಡಿದರೆ ಯಾವ ಗೈಡೂ ಬೇಡ. ಮಾದರಿಯ ಪಕ್ಕ ಒಂದು ಬೆಂಚು ಇರಲಿ. ಆರು ವರ್ಷದ ಮಗುವಿಗೆ ಎರಡು ಅಡಿ ಎತ್ತರದ ಮೇಜು ಹಿತ. ಗಾಲಿಕುರ್ಚಿ ಮೇಜಿನಡಿ ನುಗ್ಗುವಂತಿರಲಿ.

ಕುಟುಂಬವೆಂದಾಗ ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. ಕೆವಿನ್ ಕ್ರೌಲಿ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಮಕ್ಕಳ ಸಂಗ್ರಹಾಲಯವೊಂದರಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ಮಾದರಿಗಳ ಮುಂದೆ ನಿಂತ ತಂದೆತಾಯಿಯರು ವಿಜ್ಞಾನದ ವಿವರಣೆಯನ್ನು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ಮೂರು ಪಟ್ಟು ಹೆಚ್ಚಾಗಿ ಹೇಳಿದ್ದು ಕಂಡಿತು. ನಮ್ಮಲ್ಲಿ ಹಾಗಿಲ್ಲ ಎನ್ನಲು ಕಾರಣ ಕಾಣುವುದಿಲ್ಲ. ಇಬ್ಬರು ಕೂಡಿ ಹಿಡಿದರೆ ಮಾತ್ರ ನಡೆಯುವ ಮಾದರಿಗಳು, ಹುಡುಗರು ನುಗ್ಗಿ ವಶಮಾಡಿಕೊಳ್ಳಲಾಗದ ವಿನ್ಯಾಸ, ಮಾದರಿಗಳ ಹೊಣೆ ಹೊತ್ತ ಹೆಣ್ಣುಮಕ್ಕಳು ಈ ತಾರತಮ್ಯವನ್ನು ಸ್ವಲ್ಪ ಮಟ್ಟಿಗಾದರೂ ತಗ್ಗಿಸಬಹುದು.

ಫಲಕದ ಬರಹವೂ ವಿನ್ಯಾಸವೇ. ‘ದ್ರವದ ಒತ್ತಡವು ಆಳಕ್ಕೆ ನೇರ ಅನುಪಾತದಲ್ಲಿರುತ್ತದೆ’ ಎಂದು ಬರೆದರೆ ಆಟ ಮುಗಿಯಿತು. ‘ಎರಡೂ ಬಾಗಿಲು ಒತ್ತಿ ನೋಡಿ. ಯಾವುದು ಜೋರಾಗಿ ನೂಕುತ್ತೆ?’ ಎಂದು ಬರೆದರೆ ಶುರುವಾಗುತ್ತದೆ. ವಿವರಣೆ ಬೇಕಾದವರಿಗೆ ಅದು ಎತ್ತಿ ನೋಡುವ ಹಲಗೆಯ ಹಿಂದಿರಲಿ. ಅಕ್ಷರ ಬಾರದ ಅಜ್ಜಿಗೆ ಚಿತ್ರವಿರಲಿ.

ಆಟವಾಯಿತು, ಕಲಿತದ್ದೇನು?

ಈ ಆಕ್ಷೇಪ ಹಳೆಯದು. 1987ರಲ್ಲಿ ಮೈಕೆಲ್ ಶಾರ್ಟ್‌ಲ್ಯಾಂಡ್ ‘ನೇಚರ್’ ಪತ್ರಿಕೆಯಲ್ಲೇ ಇಂಥ ಕೇಂದ್ರಗಳನ್ನು ಟೀಕಿಸಿ, ಮನರಂಜನೆಯ ಜೊತೆ ಸೇರಿದ ಶಿಕ್ಷಣ ಸೋಲುತ್ತದೆ ಎಂದು ವಾದಿಸಿದರು. ಪರೀಕ್ಷೆಯ ಅಂಕ ಹೆಚ್ಚಿಸುವ ಯಂತ್ರವೆಂದು ಸಂಗ್ರಹಾಲಯವನ್ನು ಅಳೆದರೆ ಅವರ ಮಾತಿಗೆ ಬಲವಿದೆ. ಒಂದು ಸಂಜೆಯ ಆಟದಿಂದ ಸೂತ್ರ ಬಾಯಿಗೆ ಬರುವುದಿಲ್ಲ. ಆದರೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2009ರಲ್ಲಿ ಶಾಲೆಯಾಚೆಯ ಕಲಿಕೆಯನ್ನು ಸಮೀಕ್ಷಿಸಿದಾಗ ಆಸಕ್ತಿ, ಪ್ರಶ್ನಿಸುವ ರೂಢಿ, ‘ವಿಜ್ಞಾನ ನನಗೂ ಆಗುತ್ತದೆ’ ಎಂಬ ನಂಬಿಕೆ ಇವನ್ನೂ ಕಲಿಕೆಯ ಎಳೆಗಳೆಂದೇ ಎಣಿಸಿತು. ಶಾಲೆ ಸೂತ್ರ ಹೇಳಿಕೊಡಲಿ. ಸೂತ್ರ ಕೇಳುವ ಮೊದಲೇ ನೀರು ಬಾಗಿಲು ನೂಕಿದ ಅನುಭವ ಮಗುವಿನ ಕೈಯಲ್ಲಿರಲಿ. ಆಟದಲ್ಲಿ ಪ್ರಶ್ನೆಯೇ ಇಲ್ಲದ ಕಡೆ ಮಾತ್ರ ಶಾರ್ಟ್‌ಲ್ಯಾಂಡ್ ಗೆಲ್ಲುತ್ತಾರೆ. ಜಾತ್ರೆಯ ತೊಟ್ಟಿಲಿಗೂ ವಿಜ್ಞಾನದ ಜೋಕಾಲಿಗೂ ಇರುವ ವ್ಯತ್ಯಾಸ ಅದೇ.

ಕೆಡುವುದು ಖಚಿತ

ಚೆನ್ನಾಗಿ ಆಡಿದ ಮಾದರಿ ಕೆಡಲೇಬೇಕು. ಕೆಡದ ಮಾದರಿಯನ್ನು ಯಾರೂ ಮುಟ್ಟಿಲ್ಲ ಎಂದರ್ಥ. ಆದರೂ ನಮ್ಮ ಯೋಜನೆಗಳಲ್ಲಿ ಉದ್ಘಾಟನೆಗೆ ಹಣವಿರುತ್ತದೆ, ರಿಪೇರಿಗೆ ಇರುವುದಿಲ್ಲ. ಮೂರು ತಿಂಗಳಲ್ಲಿ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಅಂಟುತ್ತದೆ, ಆಮೇಲೆ ಕೋಣೆಗೆ ಬೀಗ.

ಪರಿಹಾರ ವಿನ್ಯಾಸದಲ್ಲೇ ಇದೆ. ಚನ್ನಗಿರಿಯ ಸೈಕಲ್ ಶಾಪ್, ಬೋರ್‌ವೆಲ್ ಪೈಪಿನ ಅಂಗಡಿ, ವೆಲ್ಡಿಂಗ್ ಶೆಡ್‌ನಲ್ಲಿ ಸಿಗದ ಬಿಡಿಭಾಗ ಯಾವ ಮಾದರಿಯಲ್ಲೂ ಇರಬಾರದು. ಟ್ರ್ಯಾಕ್ಟರ್ ಬೇರಿಂಗ್, ಪಿವಿಸಿ ಪೈಪು, ನೈಲಾನ್ ಹಗ್ಗ, ನೀರಿನ ಡ್ರಮ್ಮು. ನೀರಿರುವ ಕಡೆ ಕರೆಂಟು ಬೇಡ. ಬೆರಳು ಸಿಕ್ಕುವ ಸಂದು ಬೇಡ. ಕಸದಿಂದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿ 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತ ಹೇಳುತ್ತ ಬಂದದ್ದೂ ಇದನ್ನೇ: ಮಗು ಬಿಚ್ಚಿ ನೋಡಬಹುದಾದ, ಮುರಿದರೆ ಮತ್ತೆ ಮಾಡಬಹುದಾದ ವಸ್ತುವೇ ಒಳ್ಳೆಯ ಆಟಿಕೆ.

ಎಲ್ಲಿ, ಯಾರು

ಕತ್ತಲಗೆರೆಯಲ್ಲಿ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಜಮೀನು, ನೀರು, ವಿಜ್ಞಾನಿಗಳು, ಸುತ್ತ ಭದ್ರಾ ಕಾಲುವೆಯ ಭತ್ತದ ಗದ್ದೆ, ಅಡಿಕೆ ತೋಟ ಎಲ್ಲ ಅಲ್ಲೇ ಇದೆ. ರೈತರು ಬರುವ ಆ ಜಾಗಕ್ಕೆ ರೈತರ ಮಕ್ಕಳೂ ಬರುವಂತೆ ಒಂದು ಮೂಲೆಯಲ್ಲಿ ತಗಡಿನ ನೆರಳು ಹಾಕಿ ಹತ್ತು ಮಾದರಿ ಇಡುವುದು ಅಸಾಧ್ಯದ ಮಾತಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ ಎರಡು ಮೂರು ಮಾದರಿಗಳನ್ನು ಸರದಿಯ ಮೇಲೆ ಕಳಿಸಬಹುದು. ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದ ಶಾಲೆ ಎಂದಿದೆ. ಆ ಹತ್ತು ದಿನಗಳಲ್ಲಿ ಮಕ್ಕಳೇ ವೆಲ್ಡಿಂಗ್ ಶೆಡ್‌ನವರ, ಬಡಗಿಗಳ ಜೊತೆ ಮಾದರಿ ಕಟ್ಟಲಿ, ಕೆಟ್ಟದ್ದನ್ನು ಸರಿಪಡಿಸಲಿ.

ಐವತ್ತು ಮಾದರಿಯ ಹವಾನಿಯಂತ್ರಿತ ಕಟ್ಟಡಕ್ಕೆ ಕಾಯುತ್ತ ಕೂತರೆ ಈಗಿನ ಮಕ್ಕಳು ದೊಡ್ಡವರಾಗಿಬಿಡುತ್ತಾರೆ. ಹತ್ತು ಮಾದರಿ, ಒಂದು ನೆರಳು, ಒಂದು ಉಪಕರಣದ ಪೆಟ್ಟಿಗೆ, ಸಂಬಳ ಪಡೆದು ನೋಡಿಕೊಳ್ಳುವ ಒಬ್ಬರು, ಪ್ರತಿ ವರ್ಷದ ಬಜೆಟ್ಟಿನಲ್ಲಿ ರಿಪೇರಿಗೆಂದೇ ಒಂದು ಸಾಲು: ಇಷ್ಟರಿಂದ ಶುರು ಮಾಡಬಹುದು. ಸಂಶೋಧನಾ ಕೇಂದ್ರ, ಪಂಚಾಯಿತಿ, ಶಾಲಾಭಿವೃದ್ಧಿ ಸಮಿತಿ ಒಂದೇ ಮೇಜಿನ ಸುತ್ತ ಕೂತು ಇದನ್ನು ನಿರ್ಧರಿಸಬೇಕು. ಆ ಸಭೆ ಕರೆಯುವಂತೆ ಒತ್ತಾಯಿಸುವ ಕೆಲಸ ಇದನ್ನು ಓದುತ್ತಿರುವ ತಂದೆತಾಯಿಯರದು, ಮೇಷ್ಟ್ರುಗಳದು.